ಮಾಲಕರ ಹೆಂಡತಿಯನ್ನು ಕೇಳಿ ಕಟ್ಟಿದ ಬಚ್ಚಲು

ಮನೆ ಖಾಲಿ ಮಾಡಿ ಎಂದು ಮಾಲಕರು ಮೊದಲ ಸಲ ಹೇಳಿದ್ದು ಶಹಾಬಾದಿನ ಆ ಮನೆಯ ಅಂಗಳದಲ್ಲಿ. ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ.

"ಅಕ್ಕೋರೆ, ಬರೋ ತಿಂಗಳ ಮನಿ ಖಾಲಿ ಮಾಡ್ರಿ."

"ಯಾಕ್ರಿ?"

"ನಮ್ಗ ಬೇಕಾಗ್ಯದ."

"ನಮ್ಗೂ ಬೇಕಾಗ್ಯದಲ್ರಿ," ಎಂದು ಹೇಳಿ ನಡೆದುಬಿಟ್ಟೆ. ಅದನ್ನು ಧೈರ್ಯ ಅಂದುಕೊಳ್ಳಬೇಡಿ. ಶಾಲೆಯ ಗಂಟೆ ಹೊಡೆಯುವ ಹೊತ್ತಾಗಿತ್ತು, ನಿಂತು ಹೆದರಲು ಪುರಸೊತ್ತಿರಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ಸಾವಕಾಶವಾಗಿ ಹೆದರಿದೆ.

ಆಗ ನನಗೆ ಇಪ್ಪತ್ತೆಂಟು ವರ್ಷ. ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದರಿಂದ ನಾಲ್ಕರವರೆಗೆ ಕಲಿಸುತ್ತಿದ್ದೆ, ಹಾಗಾಗಿ ಊರಿಗೆಲ್ಲ ನಾನು ಅಕ್ಕೋರು. ಗಂಡ ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದವರು, ಮದುವೆಯಾದ ನಾಲ್ಕನೇ ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ. ಅವಳನ್ನು ನಾನು ಅವ್ವ ಅಂತಲೇ ಕರೆಯುತ್ತಿದ್ದೆ. ಮಗ ಸತ್ತ ಮೇಲೆ ಸೊಸೆಯನ್ನು ತವರಿಗೆ ಕಳಿಸಿಬಿಡು ಎಂದ ಬಳಗದವರಿಗೆ ಅವಳು, "ಆಕಿ ಏನ್ ಅಂಗಡ್ಯಾಗಿನ ಸಾಮಾನೇನು, ವಾಪಸ್ ಕಳಸಾಕ?" ಎಂದು ಕೇಳಿ ಬಾಯಿ ಮುಚ್ಚಿಸಿದ್ದಳು. ನಮ್ಮಿಬ್ಬರ ನಡುವೆ ಜಗಳವೇ ಇರಲಿಲ್ಲ ಎಂದರೆ ಹಸಿ ಸುಳ್ಳಾದೀತು. ದಿನಾ ಇತ್ತು. ಆದರೆ ಮೂರನೆಯವರು ನಡುವೆ ಬಾಯಿ ಹಾಕಿದರೆ ಮಾತ್ರ ಇಬ್ಬರೂ ಒಂದಾಗುತ್ತಿದ್ದೆವು.

ಅವ್ವ ಹುಡುಗಿಯಾಗಿದ್ದಾಗಿನಿಂದ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿದವಳು. ನೆಲದೊಳಗಿಂದ ಪದರ ಪದರವಾಗಿ ಏಳುವ ಆ ಕಲ್ಲನ್ನು ಎಲ್ಲಿ ತಟ್ಟಿದರೆ ಎಲ್ಲಿ ಬಿರಿಯುತ್ತದೆ ಎಂದು ಅವಳು ಸಪ್ಪಳ ಕೇಳಿಯೇ ಹೇಳುತ್ತಿದ್ದಳು. ಅರವತ್ತು ದಾಟಿದ ಮೇಲೂ ಅವಳ ಕೈ ಹಿಡಿದರೆ ಹಿಡಿದವರಿಗೇ ನೋವು.

ಮಾಲಕರದು ಮುಂದಿನ ಭಾಗ, ನಮ್ಮದು ಅದೇ ಅಂಗಳದ ಹಿಂದಿನ ಎರಡು ಖೋಲಿ. ಗೋಡೆ ಕಲ್ಲು, ಮಾಳಿಗೆ ಕಲ್ಲು, ನೆಲವೂ ಕಲ್ಲು. ಇಲ್ಲದ್ದು ಒಂದೇ, ಬಚ್ಚಲು. ಗಂಡಸರು ಬಾವಿಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಕೇಳುವಂತೆ ಹಾಡಿಕೊಂಡು ಜಳಕ ಮಾಡುತ್ತಿದ್ದರು. ಹೆಂಗಸರು ಬೆಳಕು ಹರಿಯುವ ಮುಂಚೆ ಎದ್ದು, ಮೂಲೆಯಲ್ಲಿ ಹಗ್ಗದ ಹೊರಸುಮಂಚ ನಿಲ್ಲಿಸಿ, ಅದಕ್ಕೆ ಹಳೇ ಸೀರೆ ಹೊದಿಸಿ, ಅದರ ಮರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ನಾಲ್ಕು ತಂಬಿಗೆ ನೀರು ಹುಯ್ದುಕೊಂಡು ಎದ್ದುಬಿಡಬೇಕು. ಗಾಳಿ ಬೀಸಿದರೆ ಸೀರೆ ಹಾರುತ್ತದೆ, ಯಾರಾದರೂ ಕೆಮ್ಮಿದರೆ ಜೀವ ಹಾರುತ್ತದೆ. ಮುಟ್ಟಿನ ದಿನಗಳ ಕಷ್ಟವನ್ನಂತೂ ಹೇಳುವುದೇ ಬೇಡ. ಮಾಲಕರ ಹೆಂಡತಿ ನನಗಿಂತ ಏಳೆಂಟು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಮನೆಯೊಡತಿಯಾದರೂ ಅವಳಿಗೂ ಅದೇ ಹೊರಸು, ಅದೇ ಸೀರೆ. ನಮ್ಮ ನಂತರ ಅವಳು, ಇಲ್ಲಾ ಅವಳ ನಂತರ ನಾವು.

"ಊರೂರಿಗೆಲ್ಲಾ ಹಾಸಾಕ ಕಲ್ಲು ಕಳಸೋ ಊರಾಗ ನಮ್ಗ ನಾಕ ಕಲ್ಲಿನ ಮರಿ ಇಲ್ಲಂದ್ರ ಏನ್ ನಾಚಿಕಿಗೇಡು!" ಎಂದು ಅವ್ವ ಒಂದು ದಿನ ಸಿಡುಕಿದಳು. ಮರೆ ಕಟ್ಟುವುದೆಂದು ಆವತ್ತೇ ನಿಶ್ಚಯವಾಯಿತು.

ಕಟ್ಟುವ ಮುಂಚೆ ಕೇಳಬೇಕಿತ್ತು, ಕೇಳಿದೆವು. ಆದರೆ ಯಾರನ್ನು ಕೇಳಿದೆವು ಎಂಬುದರಲ್ಲೇ ನಮ್ಮ ತಪ್ಪಿತ್ತು. ನಮ್ಮ ಕಡೆ ಒಲೆಯ ಮಾತು, ಬಾಣಂತನದ ಮಾತು, ಬಚ್ಚಲಿನ ಮಾತು ಹೆಂಗಸರು ಹೆಂಗಸರಲ್ಲೇ ತೀರಿಸಿಕೊಳ್ಳುತ್ತಾರೆ. ನಾನು ಜಳಕ ಮಾಡಲು ಮರೆ ಕಟ್ಟಿಕೊಳ್ಳಲೇ ಎಂದು ಒಬ್ಬ ವಿಧವೆ ಪರಗಂಡಸಿನ ಮುಂದೆ ನಿಂತು ಕೇಳಿದರೆ, ಆ ಮಾತು ಓಣಿ ತಿರುಗುವುದರೊಳಗೆ ಬೇರೆಯೇ ಮಾತಾಗಿರುತ್ತದೆ. ಹೀಗಾಗಿ ಮಾಲಕರ ಹೆಂಡತಿಯನ್ನು ಕೇಳಿದೆವು. ಅದೇ ಮರ್ಯಾದೆ ಎಂದು ನಾನೂ ನಂಬಿದ್ದೆ, ಅವ್ವನೂ ನಂಬಿದ್ದಳು.

"ಕಟ್ಟ್ರಿ ಅಕ್ಕೋರೆ, ಅವರಿಗಿ ನಾ ಹೇಳ್ತೀನಿ," ಅಂದಳು ಅಕ್ಕ. ಆಮೇಲೆ ದನಿ ತಗ್ಗಿಸಿ, "ನಾನೂ ಅಲ್ಲೇ ಮಾಡ್ಲೇನ್ರಿ?" ಎಂದು ಕೇಳಿದಳು. ತನ್ನ ಅಂಗಳದಲ್ಲಿ ತಾನೇ ಅಪ್ಪಣೆ ಕೇಳಿದ ಆ ಹೆಂಗಸಿನ ಮುಖ ನನಗೆ ಇವತ್ತಿಗೂ ನೆನಪಿದೆ.

ಅವ್ವನ ಪರಿಚಯದವರು ಮೂಲೆ ಮುರಿದು ಮಾರಾಟವಾಗದ ಎಂಟು ಫರ್ಸಿಗಳನ್ನು ಬಂಡಿಯಲ್ಲಿ ತಂದು ಇಳಿಸಿದರು. ಅವ್ವ ಹಾರೆಯಿಂದ ಮೊಳದುದ್ದ ಆಳಕ್ಕೆ ನೆಲ ಅಗೆದಳು. ಒಂದೊಂದೇ ಕಲ್ಲನ್ನು ಎತ್ತರಕ್ಕೆ ನಿಲ್ಲಿಸಿ, ಬುಡಕ್ಕೆ ಕಲ್ಲಿನ ಚಕ್ಕೆ ಬಡಿದು, ಮಣ್ಣು ತುಂಬಿ ತುಳಿದಳು. ಸುಣ್ಣವಿಲ್ಲ, ಸಿಮೆಂಟಿಲ್ಲ. ಮೊದಲ ಕಲ್ಲಿಗೆ ಅಕ್ಕ ತಾನೇ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದಳು. ಕಲ್ಲಿನ ಕೆಲಸದವರು ಕಲ್ಲು ನಿಲ್ಲಿಸಿದಲ್ಲೆಲ್ಲ ಕಾಯಿ ಒಡೆಯುವವರೇ. ಸಂಜೆ ಮಾಲಕರು ಬಂದು ನೋಡಿದರು. ಏನೂ ಅನ್ನಲಿಲ್ಲ. ಒಂದೂವರೆ ವರ್ಷ ಏನೂ ಅನ್ನಲಿಲ್ಲ. ಆ ಒಂದೂವರೆ ವರ್ಷ ಆ ಅಂಗಳದ ಮೂವರು ಹೆಂಗಸರು ಬಿಸಿಲು ಬಿದ್ದ ಮೇಲೆ, ಬಿಸಿನೀರಲ್ಲಿ, ತಲೆ ತುಂಬ ಸೀಗೆಪುಡಿ ಹಚ್ಚಿ ಜಳಕ ಮಾಡಿದೆವು.

ಆಮೇಲೆ ನಮ್ಮ ಕಡೆ ಕಾರಖಾನೆಗಳ ಕೆಲಸ ಬೆಳೆಯಿತು, ಪರಊರಿನಿಂದ ಇಂಜಿನಿಯರರು, ಗುಮಾಸ್ತರು ಬಂದರು, ಎರಡು ಖೋಲಿಗಾಗಿ ಜನ ಬಾಗಿಲು ಬಡಿಯತೊಡಗಿದರು. ಮಾಲಕರಿಗೆ ನಾವು ಕಣ್ಣಲ್ಲಿ ಬಿದ್ದ ಕಸವಾದೆವು. ಅಂಗಳದಲ್ಲಿ ಆವತ್ತು ನಾನು ಬಿಡುವುದಿಲ್ಲ ಎಂದ ಎರಡನೇ ವಾರಕ್ಕೆ ಬಾವಿಯ ಹಗ್ಗ ಮಾಯವಾಯಿತು. ನಾನು ಬೇರೆ ಹಗ್ಗ ತಂದೆ, ನೀರು ಸೇದಿದ ಮೇಲೆ ಬಿಚ್ಚಿ ಒಳಗೆ ಇಟ್ಟುಕೊಂಡೆ. ಬಾಡಿಗೆ ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿ ನಿಂತರು. ಮನಿಯಾರ್ಡರ್ ಮಾಡಿದೆ. ಮೂರನೆಯದಾಗಿ ರಿಜಿಸ್ಟರ್ ನೋಟೀಸು ಬಂತು.

ಪೋಸ್ಟಿನವರು ಬಾಗಿಲಲ್ಲಿ ನಿಂತಿದ್ದಾಗ ಅರ್ಧ ಓಣಿ ನಮ್ಮ ಮನೆಯ ಮುಂದೆಯೇ ಇತ್ತು. ಸಹಿ ಮಾಡಬೇಡಿ, ಸಹಿ ಮಾಡಿದರೆ ಒಪ್ಪಿದ ಹಾಗೆ ಎಂದು ಎಲ್ಲರದೂ ಒಂದೇ ಮಾತು. ಅವ್ವನೂ ಅದನ್ನೇ ಹೇಳಿದಳು. ಓದದೇ ಹೆದರುವುದಕ್ಕಿಂತ ಓದಿಯೇ ಹೆದರುತ್ತೇನೆ ಎಂದು ನಾನು ಸಹಿ ಮಾಡಿ ಇಸಿದುಕೊಂಡೆ. ಮೂರು ಪುಟ ಇಂಗ್ಲಿಷು. ನಮ್ಮ ಹೆಡ್‌ಮಾಸ್ತರರು ಕನ್ನಡಕ ಏರಿಸಿ, ಇಳಿಸಿ ಅರ್ಥ ಹೇಳಿದರು. ಮಾಲಕರ ಬರಹದ ಒಪ್ಪಿಗೆಯಿಲ್ಲದೆ ಬಾಡಿಗೆದಾರಳು ಜಾಗದಲ್ಲಿ ಶಾಶ್ವತ ಕಟ್ಟಡ ಕಟ್ಟಿದ್ದಾಳೆ, ಆದ ಕಾರಣ ಮನೆ ಬಿಡಬೇಕು ಎಂದಿತ್ತು.

ನನಗೆ ನಗು ಬಂತು. ನನ್ನ ಬಾಳಿನಲ್ಲಿ ಶಾಶ್ವತ ಎಂಬುದು ಏನಿತ್ತು? ಗಂಡ ಉಳಿಯಲಿಲ್ಲ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ನಮ್ಮ ಬಚ್ಚಲೊಂದೇ ಶಾಶ್ವತ ಎಂದು ಆ ನೋಟೀಸು ಬಂದ ಮೇಲೆಯೇ ನನಗೆ ತಿಳಿದದ್ದು.

ಚಿತ್ತಾಪುರದಲ್ಲಿ ಒಬ್ಬ ವಕೀಲರಿದ್ದಾರೆ, ಮುಸಲ್ಮಾನರು, ಬಡವರ ಕೇಸು ಹಿಡಿಯುತ್ತಾರೆ ಎಂದು ಹೆಡ್‌ಮಾಸ್ತರರೇ ಹೇಳಿ ಕಳಿಸಿದರು. ಶಹಾಬಾದಿನಿಂದ ವಾಡಿಗೆ ಒಂದು ಗಾಡಿ, ವಾಡಿಯಲ್ಲಿ ಇಳಿದು ಕಾದು ಚಿತ್ತಾಪುರಕ್ಕೆ ಇನ್ನೊಂದು ಗಾಡಿ. ಗಂಡ ಕೆಲಸ ಮಾಡುತ್ತಿದ್ದ ಸ್ಟೇಷನ್ನಿನಲ್ಲಿ ಕಾಗದದ ಚೀಲ ಮಡಿಲಲ್ಲಿಟ್ಟುಕೊಂಡು ಕೂರುವುದು ನನಗೆ ಸುಲಭವಾಗಿರಲಿಲ್ಲ. ಅವರಿದ್ದಿದ್ದರೆ ಎಂದು ಒಂದೆರಡು ಸಲ ಅತ್ತಿದ್ದೇನೆ. ಗಾಡಿ ಬಂದ ಕೂಡಲೇ ಕಣ್ಣೊರಸಿಕೊಂಡು ಹತ್ತಿದ್ದೇನೆ.

ವಕೀಲರು ವಯಸ್ಸಾದವರು, ಮಾತು ಮೆಲ್ಲಗೆ. ಹೆಚ್ಚು ಬಾಡಿಗೆ ಬರುತ್ತದೆಂದು ಯಾರನ್ನೂ ಹೊರಹಾಕುವಂತಿಲ್ಲ, ಕಾಯ್ದೆಯಲ್ಲಿ ಇಂತಿಂಥ ಕಾರಣವೆಂದು ಬರೆದಿದೆ, ಅದರಲ್ಲೊಂದನ್ನು ಮುನ್ಸಿಫರ ಮುಂದೆ ರುಜುವಾತು ಮಾಡಬೇಕು, ಹುಕುಂ ಆಗುವವರೆಗೆ ನಿಮ್ಮ ಒಂದು ತಟ್ಟೆಯನ್ನೂ ಅವರು ಮುಟ್ಟುವಂತಿಲ್ಲ ಎಂದು ಬಿಡಿಸಿ ಹೇಳಿದರು. ಬಡಪಾಯಿಗಳಿಗೂ ಇಷ್ಟು ಜಾಗ ಬಿಟ್ಟು ಯಾರೋ ಬರೆದಿದ್ದಾರಲ್ಲ ಎಂದು ನನಗೆ ಬಹಳ ಸಮಾಧಾನವಾಯಿತು. ಆ ಸಮಾಧಾನ ಎರಡು ನಿಮಿಷವೂ ಉಳಿಯಲಿಲ್ಲ.

"ಬರದ ಒಪ್ಪಿಗಿ ಅದ ಏನ್ರಿ?"

"ಇಲ್ರಿ. ಬಾಯಿಮಾತಿಂದು."

"ಯಾರ ಬಾಯಿದು?"

"ಅವರ ಮನಿಯಾಕಿದು."

ಅವರು ಪೆನ್ನು ಕೆಳಗಿಟ್ಟರು. "ಮನಿ ಆಕಿ ಹೆಸರ್ಲೆ ಇಲ್ಲಲ್ಲ ಅಕ್ಕೋರೆ. ಆಕಿ ಹೂಂ ಅಂದದ್ದು ಕಾಯ್ದೆದಾಗ ಹೂಂ ಅಲ್ಲ."

ನನಗೆ ಮೈಯೆಲ್ಲ ಉರಿಯಿತು. ಆ ಮನೆಯ ನೆಲ ಸಾರಿಸುವವಳು ಅವಳು, ಒಲೆ ಹಚ್ಚುವವಳು ಅವಳು. ಅವಳ ಹೂಂ ಹೂಂ ಅಲ್ಲವಂತೆ! ಸಿಟ್ಟು ವಕೀಲರ ಮೇಲಲ್ಲ. ಅವರು ಇದ್ದದ್ದನ್ನು ಹೇಳಿದರು. ಆಮೇಲೆ ಅವರೇ ಒಂದು ದಾರಿ ತೋರಿಸಿದರು. ಆ ಹೆಂಗಸನ್ನು ಸಾಕ್ಷಿಗೆ ಕರೆಸೋಣ, ಅವಳೇ ಕಾಯಿ ಒಡೆದಳು, ಗಂಡನಿಗೂ ಗೊತ್ತಿತ್ತು ಎಂದು ಅವಳ ಬಾಯಿಂದಲೇ ಬಂದರೆ ನಿಮ್ಮ ಕಡೆಗೆ ಬಲ ಬರುತ್ತದೆ ಅಂದರು.

ಅಷ್ಟರಲ್ಲಾಗಲೇ ಮಾಲಕರು ಅವಳಿಗೆ ನಮ್ಮ ಜೊತೆ ಮಾತು ಬಂದ್ ಮಾಡಿಸಿದ್ದರು, ಬಚ್ಚಲಿಗೆ ಕಾಲಿಡಬೇಡ ಎಂದಿದ್ದರು. ಅವಳು ಮತ್ತೆ ನಸುಕಿನಲ್ಲಿ ಎದ್ದು ಹೊರಸು ನಿಲ್ಲಿಸುತ್ತಿದ್ದಳು. ನಾವು ಒಳಗೆ ಮಲಗಿಕೊಂಡು ಅವಳ ತಂಬಿಗೆಯ ಸಪ್ಪಳ ಕೇಳುತ್ತಿದ್ದೆವು. ವಕೀಲರ ಮಾತನ್ನು ಅವ್ವನಿಗೆ ಹೇಳಿದಾಗ ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಕೋರ್ಟಿನ್ಯಾಗ ನಿಂತು ಗಂಡನ ಮ್ಯಾಲ ಸಾಕ್ಷಿ ಹೇಳಿ, ಆಕಿ ತಿರುಗಿ ಯಾರ ಮನಿಗಿ ಬರಬೇಕು? ಹೇಳು. ನಮ್ ಮನಿ ಉಳಸಾಕ ಆಕಿ ಮನಿ ಕಳೀಬೇಕೇನು? ಬ್ಯಾಡ. ಮನಿ ಹೋದ್ರ ಹೋಗ್ಲಿ, ಆಕೀನ ಕಟಕಟಿಗಿ ಏರಸಬ್ಯಾಡ."

ನಾನೂ ಅದನ್ನೇ ಅಂದುಕೊಂಡಿದ್ದೆ. ಆದರೆ ಮನೆ ಹೋದರೆ ಹೋಗಲಿ ಎಂಬ ಮಾತು ಮಾತ್ರ ನನಗೆ ಒಪ್ಪಿಗೆಯಿರಲಿಲ್ಲ. ಇಬ್ಬರೇ ಹೆಂಗಸರಿಗೆ, ಅದರಲ್ಲೂ ಇಬ್ಬರೂ ವಿಧವೆಯರಿಗೆ, ಆ ಊರಲ್ಲಿ ಇನ್ನೊಂದು ಮನೆ ಸಿಗುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಆ ಎರಡು ಖೋಲಿ ಹೋದರೆ ನೌಕರಿಯೂ ಹೋದಂತೆಯೇ. ಊರ ಹಿರಿಯರೊಬ್ಬರು ನಡುವೆ ಬಂದು, ಆರು ತಿಂಗಳು ತಗೊಳ್ಳಿ, ಸುಮ್ಮನೆ ಬಿಟ್ಟುಬಿಡಿ, ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಗಾದೆ ಹೇಳಿದರು. "ಗೆದ್ದವ, ಸೋತವ ಅಂತದರಿ ಗಾದಿ. ನಾ ಹೆಂಗಸು," ಎಂದು ಅವರಿಗೆ ಚಹಾ ಕೊಟ್ಟು ಕಳಿಸಿದೆ.

ಮಾಲಕರು ಚಿತ್ತಾಪುರದ ಕೋರ್ಟಿನಲ್ಲಿ ಕೇಸು ಹಾಕಿಯೇಬಿಟ್ಟರು. ಸಾಕ್ಷಿಯ ದಿನ ನನ್ನನ್ನು ಪ್ರಶ್ನಿಸಿದವರು ಮಾಲಕರ ವಕೀಲರು. ಕಲಬುರಗಿಯಿಂದ ಬಂದವರು, ದೊಡ್ಡ ಹೆಸರು.

"ಬರದ ಒಪ್ಪಿಗೆ ಇತ್ತೋ ಇಲ್ಲೋ?"

"ಇಲ್ರಿ."

ಅಕ್ಕನ ಹೆಸರು ಬರಬಾರದೆಂದು ಅಷ್ಟಕ್ಕೇ ನಿಲ್ಲಿಸಿದೆ. ಬಾಯಿಮಾತಿನ ಒಪ್ಪಿಗೆಯನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು.

"ಕಲ್ಲು ನಿಲ್ಲಿಸೋ ದಿನ ಪೂಜೆ ಆಯ್ತಂತಲ್ಲ? ಕಾಯಿ ಒಡೆದ್ರಂತ?"

"ಹೌದ್ರಿ."

ಅವರು ಮುನ್ಸಿಫರ ಕಡೆ ತಿರುಗಿ, ಪಾಯಕ್ಕೆ ಪೂಜೆ ಮಾಡುವುದು ಕಟ್ಟಡಕ್ಕೆ ಮಾತ್ರ, ನಾಳೆ ಕಿತ್ತು ಒಯ್ಯುವ ವಸ್ತುವಿಗೆ ಯಾರೂ ಕಾಯಿ ಒಡೆಯುವುದಿಲ್ಲ, ಶಾಶ್ವತವಾಗಿ ನಿಲ್ಲಿಸುವ ಉದ್ದೇಶ ಇದರಿಂದಲೇ ಸಿದ್ಧವಾಗುತ್ತದೆ ಎಂದರು. ನನಗೆ ತಡೆಯಲಾಗಲಿಲ್ಲ.

"ದಸರಾದಾಗ ಖಂಡೇಪೂಜಿ ದಿನ ನಿಮ್ಮ ಟೈಪ್ ಮಿಷನ್ನಿಗಿ ಕಾಯಿ ಒಡೀತೀರಿಲ್ರಿ ವಕೀಲ್ ಸಾಹೇಬ್ರ? ಅದನ್ನ ಗ್ವಾಡಿಗಿ ಗಚ್ಚು ಹಾಕಿ ಕೂಡಿಸೀರೇನ್ರಿ?"

ಹಿಂದೆ ಕುಳಿತವರು ನಕ್ಕರು. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕಮ್ಮ ಎಂದು ಮುನ್ಸಿಫರು ಗದರಿದರು. ಆದರೆ ಬರೆದುಕೊಳ್ಳುವವರಿಗೆ ಅದನ್ನೂ ಬರೆಯಲು ಹೇಳಿದರು. 

ನಕ್ಕರೆ ಕೇಸು ಗೆಲ್ಲುವುದಿಲ್ಲ ಎಂದು ಹೊರಗೆ ಬಂದ ಮೇಲೆ ನಮ್ಮ ವಕೀಲರು ಹೇಳಿದರು. ಅದು ಶಾಶ್ವತವಲ್ಲ ಎಂದು ತೋರಿಸುವುದು ಹೇಗೆ? ಆಗ ನಾನು ಅವ್ವ ಆ ಕಲ್ಲು ನಿಲ್ಲಿಸಿದ ಬಗೆಯನ್ನು ಮೊದಲಿನಿಂದ ಹೇಳಿದೆ. ಖಣಿಯಲ್ಲಿ ದುಡಿಯುವವರು ತಮ್ಮ ಹಟ್ಟಿ ಕಟ್ಟಿದ್ದೆಲ್ಲ ಹಾಗೆಯೇ. ಒಂದು ಖಣಿ ತೀರಿದರೆ ನಾಲ್ಕೂ ಗೋಡೆಯ ಫರ್ಸಿಗಳನ್ನು ಕಿತ್ತು ಬಂಡಿಗೆ ಹೇರಿಕೊಂಡು ಇನ್ನೊಂದು ಖಣಿಯ ಹತ್ತಿರ ನಿಲ್ಲಿಸಿಕೊಳ್ಳುತ್ತಿದ್ದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ವಕೀಲರು ನನ್ನನ್ನೇ ಬೈದರು. ನಮಗೆ ಅದು ಹೇಳುವಂಥ ಸಂಗತಿ ಎಂದೇ ಅನ್ನಿಸಿರಲಿಲ್ಲ. ಆವತ್ತೇ ಅರ್ಜಿ ಹಾಕಿ, ಸ್ಥಳ ನೋಡಿ ವರದಿ ಕೊಡಲು ಕೋರ್ಟಿನಿಂದ ಒಬ್ಬ ಕಮಿಷನರರನ್ನು ನೇಮಕ ಮಾಡಿಸಿದರು.

ಆ ಕಮಿಷನರು ಎಂದರೆ ಚಿತ್ತಾಪುರದ ಒಬ್ಬ ಎಳೆಯ ವಕೀಲರೇ. ಅಳತೆಯ ಟೇಪು, ಕಾಗದ, ಹಲಗೆ ಹಿಡಿದು ಬಂದರು. ಎರಡೂ ಕಡೆಯ ವಕೀಲರು ಬಂದರು. ಓಣಿಯವರು ಗೋಡೆಯ ಮೇಲೆ ಹತ್ತಿದರು. ಅಕ್ಕ ತನ್ನ ಬಾಗಿಲ ಹಿಂದೆ ಅರ್ಧ ಕಾಣುವಂತೆ ನಿಂತಿದ್ದಳು. ಮಾಲಕರ ವಕೀಲರು ಫರ್ಸಿಯನ್ನು ಎರಡೂ ಕೈಯಿಂದ ತಳ್ಳಿ, "ನೋಡ್ರಿ, ಸ್ವಲ್ಪನೂ ಅಲುಗಾಡೋದಿಲ್ಲ," ಎಂದರು. ಅವರ ಬಿಳಿ ಅಂಗಿಗೆ ಹಸಿರು ಪಾಚಿ ಮೆತ್ತಿತು.

"ತಳ್ಳಿದ್ರ ಹೆಂಗ್ ಅಲಗಾಡ್ತದ್ರಿ? ತಳ್ಳಿದ್ರ ಅಲಗಾಡೋ ಮರ್ಯಾಗ ಹೆಣ್ಮಕ್ಳು ಜಳಕಾ ಮಾಡಾಕ ಬರ್ತದೇನು?" ಅಂದಳು ಅವ್ವ. "ಸಾಹೇಬ್ರ, ಹೂಂ ಅಂದ್ರ ಒಂದ್ ಕಲ್ಲು ತಗದು ತೋರಸ್ತೀನಿ."

ಇರುವ ಸ್ಥಿತಿ ಬದಲಿಸುವಂತಿಲ್ಲ ಎಂದು ಮಾಲಕರ ವಕೀಲರು ತಕರಾರು ಮಾಡಿದರು. ಕಮಿಷನರು ಯೋಚಿಸಿ, ಒಂದೇ ಒಂದು ಕಲ್ಲು, ತೆಗೆದ ಮೇಲೆ ಮೊದಲಿನಂತೆ ನಿಲ್ಲಿಸಬೇಕು ಎಂದರು. ಅವ್ವ ಎಂಟರಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ಆರಿಸಿದಳು. ಆ ಸೊಕ್ಕು ನೋಡಿ ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಆ ಕಲ್ಲು ಹಠ ಹಿಡಿದು ನಿಂತರೆ ನಾವು ಬೀದಿಗೆ ಬಿದ್ದೆವು.

ಅವ್ವ ಕಚ್ಚೆ ಬಿಗಿದಳು. ಬುಡದ ಮಣ್ಣು ಕೆದರಿ, ಚಕ್ಕೆಗಳನ್ನು ಒಂದೊಂದಾಗಿ ಹೊರಗೆ ಎಳೆದಿಟ್ಟಳು. ಹಾರೆಯನ್ನು ಓರೆಯಾಗಿ ನೆಟ್ಟು ಮೈಭಾರ ಹಾಕಿದಳು. ಏನೂ ಆಗಲಿಲ್ಲ. ಮಾಲಕರು ಕೆಮ್ಮಿದರು. ಅವ್ವ ಕಲ್ಲಿಗೆ ಕಿವಿ ಹಚ್ಚಿ, ಅಂಗೈಯಿಂದ ಎರಡು ಕಡೆ ತಟ್ಟಿ, ಹಾರೆಯನ್ನು ಒಂದು ಗೇಣು ಬಲಕ್ಕೆ ಸರಿಸಿ ಮತ್ತೆ ಒತ್ತಿದಳು. ಕಲ್ಲು ಸಡಿಲಾಗಿ ನಮ್ಮ ಕಡೆ ವಾಲಿತು. "ಆ ಕಡಿ ಹಿಡಿ, ಅಂಜಬ್ಯಾಡ," ಅಂದಳು. ಇಬ್ಬರೂ ಹಿಡಿದು, ಒಂದು ಮೂಲೆ, ಆಮೇಲೆ ಇನ್ನೊಂದು ಮೂಲೆ ಊರುತ್ತ ಅದನ್ನು ನಡೆಸಿಕೊಂಡು ಹೋಗಿ ಗೋಡೆಗೆ ಒರಗಿಸಿದೆವು. ಕಮಿಷನರು ಕುಕ್ಕರಗಾಲಲ್ಲಿ ಕೂತು ಕುಣಿಯೊಳಗೆ ಕೈ ಹಾಕಿದರು. ಕರೀ ಮಣ್ಣು, ಕಲ್ಲಿನ ಚಕ್ಕೆ. ಆಳ ಅಳೆದು ಬರೆದುಕೊಂಡರು.

"ತಿರುಗಿ ನಿಂದ್ರಸೋದೂ ನೋಡೇ ಹೋಗ್ರಿ," ಎಂದು ಅವ್ವ ಅವರಿಗೆ ಒಂದು ಕಪ್ ಚಹಾ ಕೊಡಿಸಿ ಕೂಡಿಸಿದಳು. ಅವರು ಗಡಿಯಾರ ನೋಡಿಕೊಂಡರು. ಅವರ ಚಹಾ ಮುಗಿಯುವ ಹೊತ್ತಿಗೆ ಕಲ್ಲು ತನ್ನ ಜಾಗದಲ್ಲಿ ನಿಂತಿತ್ತು. ಎಷ್ಟು ನಿಮಿಷ ಎಂದು ಅವರು ವರದಿಯಲ್ಲಿ ಬರೆದದ್ದನ್ನು ನಮ್ಮ ವಕೀಲರು ಆಮೇಲೆ ಎಷ್ಟೋ ಜನರಿಗೆ ಹೇಳಿಕೊಂಡು ನಕ್ಕರು.

ಕೇಸು ಹಾಕಿದಾಗ ನಮ್ಮದು ಮೈಸೂರು ರಾಜ್ಯ, ಹುಕುಂ ಆಗುವ ಹೊತ್ತಿಗೆ ಕರ್ನಾಟಕ. ರಾಜ್ಯದ ಹೆಸರೇ ಬದಲಾಯಿತು, ನಾವು ಮಾತ್ರ ಇದ್ದ ಮನೆಯಲ್ಲೇ ಇದ್ದೆವು. ಸುಣ್ಣ, ಸಿಮೆಂಟಿಲ್ಲದೆ ಮಣ್ಣಿನಲ್ಲಿ ಊರಿದ ಕಲ್ಲುಗಳು ಶಾಶ್ವತ ಕಟ್ಟಡವಲ್ಲ, ಅವು ಬಾಡಿಗೆದಾರಳ ಸ್ವಂತ ಸಾಮಾನು, ಅವನ್ನು ಕಿತ್ತು ಒಯ್ಯಲು ಬರುತ್ತದೆ, ಬರಹದ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ, ಅರ್ಜಿ ವಜಾ ಎಂದು ಹುಕುಮಾಯಿತು. ಮೇಲಿನ ಕೋರ್ಟಿಗೆ ಹೋಗುತ್ತೇನೆ ಎಂದು ಮಾಲಕರು ಹಾರಾಡಿದರು. ಹೋಗಿ ಎಂದೆ. ಹೋಗಲಿಲ್ಲ. ಆ ಮನೆಯಲ್ಲಿ ನಾವು ಇನ್ನೂ ಒಂಬತ್ತು ವರ್ಷ ಇದ್ದೆವು.

ಆದರೆ ನಾವು ಗೆದ್ದೆವು ಎಂದು ನನಗೆ ಅನ್ನಿಸಿದ್ದು ಹುಕುಮಿನ ದಿನವಲ್ಲ. ಹುಕುಂ ಆದ ಮೇಲೂ ನಸುಕಿನಲ್ಲಿ ಹೊರಸು ನಿಲ್ಲಿಸುವ ಸಪ್ಪಳ ಕೇಳುತ್ತಲೇ ಇತ್ತು. ಆಮೇಲೆ ಒಂದು ಭಾನುವಾರ, ಬಿಸಿಲು ಅಂಗಳದ ನಡುವಿಗೆ ಬಂದಿದ್ದ ಹೊತ್ತು. ಮಾಲಕರು ಕಟ್ಟೆಯ ಮೇಲೆ ಕುಳಿತು ಪೇಪರ್ ಓದುತ್ತಿದ್ದರು. ನಾನು ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದೆ, ಅವ್ವ ಒಳಗಿದ್ದಳು. ಅಕ್ಕ ಮುಂದಿನ ಬಾಗಿಲಿಂದ ಹೊರಗೆ ಬಂದಳು. ಒಂದು ಕೈಯಲ್ಲಿ ಹಬೆಯಾಡುವ ಬಿಸಿನೀರಿನ ಕೊಡ, ಹೆಗಲ ಮೇಲೆ ಒಗೆದ ಸೀರೆ. ಗಂಡನ ಮುಂದೆಯೇ ಅಂಗಳ ದಾಟಿದಳು.

"ಎಲ್ಲಿಗಿ?" ಎಂದರು ಅವರು.

"ಜಳಕಕ್ಕ."

"ಅದು ಅವರದು. ನಿಂದಲ್ಲ."

ಅಕ್ಕ ನಿಂತಳು. ಕೊಡ ಕೆಳಗಿಡಲಿಲ್ಲ. "ಹೌದು, ಅವರದೇ. ಕೋರ್ಟಿನ್ಯಾಗೇ ಹೇಳ್ಯಾರಲ್ಲ," ಎಂದಳು. "ಅವರಿಗಿ ಕೇಳೀನಿ. ಹೂಂ ಅಂದಾರ."

ಅವಳು ನಮ್ಮನ್ನು ಕೇಳಿರಲಿಲ್ಲ. ಎರಡು ವರ್ಷದಿಂದ ನಮ್ಮ ಜೊತೆ ಅವಳು ಒಂದು ಮಾತೂ ಆಡಿರಲಿಲ್ಲ. ಮಾಲಕರು ಪೇಪರ್ ಮಡಚಿ ನನ್ನ ಕಡೆ ನೋಡಿದರು. ನನ್ನ ಬಾಯಿ ಏಳುವ ಮೊದಲೇ ಅವ್ವ ಒಳಗಿಂದ ಬಾಗಿಲಿಗೆ ಬಂದು ನಿಂತಳು.

"ಹೌದ್ರಿ, ಕೇಳ್ಯಾಳ," ಅಂದಳು. "ಬರದು ಕೊಡಬೇಕೇನು?"

ಅಕ್ಕ ಬಚ್ಚಲೊಳಗೆ ಹೋಗಿ ಅಡ್ಡ ಸೀರೆ ಇಳಿಬಿಟ್ಟಳು. ಆ ದಿನ ಅವಳು ಬಹಳ ಹೊತ್ತು ಜಳಕ ಮಾಡಿದಳು.